ಗ್ರ್ಯಾನಿ ಫ್ಲ್ಯಾಟ್ ಬ್ರದರ್ಸ್ ಹಾಡಿದ ಮೂರು ರೆಕಾರ್ಡುಗಳು

ನನ್ನ ಗಂಡ ವಿರುಪಾಕ್ಷ ಅವರ ದನಿ ಮೂರು ಸಿ.ಡಿ.ಗಳಲ್ಲಿದೆ. ಮೊದಲೆರಡರಲ್ಲಿ ಅವರು ಒಂದೇ ಒಂದು ಹಾಡನ್ನೂ ಮುಗಿಸಿಲ್ಲ. ಪ್ರತಿ ಚರಣದ ಕೊನೆಯ ಸಾಲು ಹತ್ತಿರ ಬರುತ್ತಲೇ ಅವರ ದನಿ ತಗ್ಗುತ್ತದೆ, ಅರ್ಧ ತಾಳದಷ್ಟು ಹಿಂದೆ ಬೀಳುತ್ತದೆ, ಆಮೇಲೆ ಎಷ್ಟು ಕಿವಿಗೊಟ್ಟರೂ ಕೇಳಿಸುವುದಿಲ್ಲ. ಕಂಟ್ರಿ ಮ್ಯೂಸಿಕ್ಕಿನ ಒಂದು ಸಣ್ಣ ಪತ್ರಿಕೆಯವರು ಇದನ್ನು ‘ಮಾಯವಾಗುವ ಹಾರ್ಮನಿ’, ಅಂದರೆ ಮಾಯವಾಗುವ ಜೊತೆದನಿ, ಎಂದು ಕರೆದು, ಇಂಥ ಶೈಲಿ ಆಸ್ಟ್ರೇಲಿಯಾದಲ್ಲಿ ಬೇರೆ ಯಾರಿಗೂ ಇಲ್ಲ ಎಂದು ಹೊಗಳಿದ್ದರು. ಓದಿ ನನಗೆ ನಗು ತಡೆಯಲಾಗಲಿಲ್ಲ. ಶೈಲಿಯೂ ಇಲ್ಲ, ಮಣ್ಣೂ ಇಲ್ಲ. ಅದು ಧಾರವಾಡದಿಂದ ಹೊತ್ತು ತಂದ ಹೆದರಿಕೆ.

ಇವರು ಹುಡುಗರಾಗಿದ್ದಾಗ ಧಾರವಾಡದಲ್ಲಿ ಈರಯ್ಯ ಎಂಬ ಗುರುಗಳ ಹತ್ತಿರ ಹಾಡು ಕಲಿತವರು. ಕಛೇರಿಯಲ್ಲಿ ಗುರುಗಳ ಹಿಂದೆ ತಂಬೂರಿ ಹಿಡಿದು ಕೂರುವುದು ಶಿಷ್ಯನ ಕೆಲಸ. ಗುರು ಉಸಿರು ತೆಗೆದುಕೊಳ್ಳುವಾಗ ಶಿಷ್ಯ ದನಿಗೂಡಿಸಬೇಕು, ಗುರು ಮತ್ತೆ ಬಾಯಿ ತೆರೆದ ಕೂಡಲೇ ಹಿಂದೆ ಸರಿಯಬೇಕು. ಸುತ್ತಾಡಿ ಬಂದ ಹಾಡನ್ನು ತಾಳದ ಮೊದಲ ಪೆಟ್ಟಿನ ಮೇಲೆ ತಂದು ಇಳಿಸುವ ಹಕ್ಕು ಗುರುವಿನದು. ಹುಬ್ಬಳ್ಳಿಯ ಒಂದು ಕಛೇರಿಯಲ್ಲಿ ಇವರು ಹುರುಪಿನಲ್ಲಿ ಗುರುಗಳಿಗಿಂತ ಮೊದಲೇ ಅಲ್ಲಿ ಇಳಿದುಬಿಟ್ಟರು. ಕೂತವರೆಲ್ಲ ‘ವ್ಹಾ’ ಎಂದರು. ಈರಯ್ಯನವರು ಬೈಯಲಿಲ್ಲ. ಮರುದಿನ ತಂಬೂರಿ ಶ್ರುತಿ ಮಾಡಲು ಬೇರೆ ಶಿಷ್ಯನನ್ನು ಕರೆದರು, ಅಷ್ಟೇ. ಬೈದಿದ್ದರೆ ಇವರು ಅತ್ತು ಮರೆಯುತ್ತಿದ್ದರು. ಬೈಯದೆ ಬಿಟ್ಟದ್ದು ಗಂಟಲಲ್ಲಿ ಮುಳ್ಳಾಗಿ ನಿಂತಿತು.

ಹಾಡು ಬಿಟ್ಟು ಇವರು ಡಿಪ್ಲೊಮಾ ಓದಿದರು, ಲಿಫ್ಟ್ ರಿಪೇರಿಯ ಕೆಲಸ ಕಲಿತರು, ಆಸ್ಟ್ರೇಲಿಯಾದಲ್ಲಿ ನೆಲೆಸಲು ಪಿಆರ್ ಸಿಕ್ಕಿ ಸಿಡ್ನಿಗೆ ಬಂದರು. ಕೆಲಸ ಇವರ ಸ್ವಭಾವಕ್ಕೆ ಹೇಳಿಮಾಡಿಸಿದಂತಿತ್ತು. ದಿನವಿಡೀ ಒಂದು ಕಟ್ಟಡದಿಂದ ಇನ್ನೊಂದಕ್ಕೆ ವ್ಯಾನಿನಲ್ಲಿ ಓಡುವುದು, ಓಡಿ ಹೋದಲ್ಲಿ ಮೇಲಕ್ಕೆ ಕೆಳಕ್ಕೆ ಹೋಗುವುದು. ಕೂತಲ್ಲಿ ಕೂರುವ ಪ್ರಾಣಿ ಅಲ್ಲವೇ ಅಲ್ಲ. ಊಟಕ್ಕೆ ಕೂತರೆ ಕಾಲು ಕುಣಿಯುತ್ತಿರುತ್ತದೆ, ಕಾರಿನಲ್ಲಿ ಕೂತರೆ ಬೆರಳುಗಳು ಸ್ಟೀರಿಂಗ್ ಮೇಲೆ ತಾಳ ಹಾಕುತ್ತಿರುತ್ತವೆ.

ಆಗ ಇವರು ಬಾಡಿಗೆಗಿದ್ದದ್ದು ಹ್ಯಾರಿಸ್ ಪಾರ್ಕಿನ ಒಂದು ಗ್ರ್ಯಾನಿ ಫ್ಲ್ಯಾಟಿನಲ್ಲಿ. ಇಲ್ಲಿ ದೊಡ್ಡ ಮನೆಗಳ ಹಿತ್ತಲಲ್ಲಿ ವಯಸ್ಸಾದವರಿಗೆಂದು ಕಟ್ಟಿ, ವಯಸ್ಸಾದವರನ್ನು ಬಿಟ್ಟು ಉಳಿದವರಿಗೆಲ್ಲ ಬಾಡಿಗೆಗೆ ಕೊಡುವ ಪುಟ್ಟ ಮನೆಗೆ ಹಾಗೆನ್ನುತ್ತಾರೆ. ಅದರ ಇನ್ನೊಂದು ಕೋಣೆಯಲ್ಲಿ ಉಡುಪಿ ಕಡೆಯ ಧನರಾಜ್ ಇದ್ದರು. ಇವರಿಗಿಂತ ಹತ್ತು ವರ್ಷ ಹಿರಿಯರು, ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ಬಂದವರು. ಯಾವುದೋ ಬಂದರಿನಲ್ಲಿ ಒಂದು ಗಿಟಾರು, ಒಂದು ಚೀಲದ ತುಂಬ ಕಂಟ್ರಿ ಹಾಡುಗಳ ಕ್ಯಾಸೆಟ್ಟು ಕೊಂಡು, ಸಮುದ್ರದ ಮೇಲೆ ಅದನ್ನೇ ಕೇಳುತ್ತ ಕಾಲ ಕಳೆದವರು. ಲಾರಿ, ಕುದುರೆ, ಧೂಳು, ಬಿಟ್ಟುಹೋದ ಹೆಂಡತಿ: ಆ ಹಾಡುಗಳಲ್ಲಿ ಇರುವುದು ಇಷ್ಟೇ ಎಂದು ನಾನು ಈಗಲೂ ಹೇಳುತ್ತೇನೆ. ಧನರಾಜ್ ಅದರಲ್ಲಿ ಕುದುರೆ ತೆಗೆದು ಹಡಗು ಹಾಕಿದರು, ಇವರನ್ನು ಕಂಡ ಮೇಲೆ ಲಿಫ್ಟನ್ನೂ ಹಾಕಿದರು. ಅವರು ಬರೆದು ಹಾಡುತ್ತಿದ್ದ ಇಂಗ್ಲಿಷ್ ಹಾಡಿಗೆ ಇವರು ಒಂದು ಸಂಜೆ ಗೋಡೆಯಾಚೆಯಿಂದ ಮೇಲಿನ ಸ್ವರದಲ್ಲಿ ದನಿಗೂಡಿಸಿದರಂತೆ. ಧನರಾಜ್ ಗಿಟಾರು ನಿಲ್ಲಿಸಿ ಗೋಡೆ ತಟ್ಟಿ, “ಯಾರು ಮಾರಾಯ ನೀನು? ಈಚೆ ಬಾ,” ಎಂದರಂತೆ. ಜೋಡಿ ಹುಟ್ಟಿದ್ದು ಹೀಗೆ. ಹೆಸರಿಗೆ ಹೆಚ್ಚು ದೂರ ಹೋಗಲಿಲ್ಲ. ಗ್ರ್ಯಾನಿ ಫ್ಲ್ಯಾಟ್ ಬ್ರದರ್ಸ್.

ಮದುವೆಯಾಗಿ ೨೦೦೦ದಲ್ಲಿ ನಾನು ಸಿಡ್ನಿಯಲ್ಲಿ ಇಳಿದಾಗ ಏರ್‌ಪೋರ್ಟಿನಲ್ಲಿ ಇಬ್ಬರೂ ಅಗಲ ಅಂಚಿನ ಟೋಪಿ ಹಾಕಿಕೊಂಡು ನಿಂತಿದ್ದರು. ಮನೆಯಲ್ಲಿ ಒಂದು ನೆಟ್ಟಗಿನ ಕುಕ್ಕರ್ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅತ್ತೆಗೆ ಫೋನಿನಲ್ಲಿ ಹೇಳಿದೆ. ಅತ್ತೆ ನಕ್ಕರು. ನನಗೆ ನಗು ಬಂದಿರಲಿಲ್ಲ.

ಮೊದಲನೆಯ ಸಿ.ಡಿ. ಮಾಡಿದ್ದು ಮರುವರ್ಷ, ಆ ಗ್ರ್ಯಾನಿ ಫ್ಲ್ಯಾಟಿನಲ್ಲೇ. ಗೋಡೆಗೆಲ್ಲ ನನ್ನ ಮದುವೆಯ ಕೌದಿಗಳನ್ನು ತೂಗುಹಾಕಿದರು. ಫ್ರಿಜ್ಜು ಸದ್ದು ಮಾಡುತ್ತದೆಂದು ಆರಿಸಿದರು, ಹಾಲು ಒಡೆಯಿತು. ಐದು ಹಾಡು. ‘ಲಿಫ್ಟ್ ನಂಬರ್ ಟೂ’ ಎಂಬುದನ್ನು ಜನ ಇಷ್ಟಪಟ್ಟರು. ಅದನ್ನು ಮೊದಲ ಬಾರಿ ಕೇಳಿಸಿದಾಗಲೇ ನಾನು ಕೇಳಿದೆ, “ಕಡೀಕ ನಿಮ್ಮ ದನಿ ಎಲ್ಲಿ ಹೋತ್ರಿ?”

ಧನರಾಜರೂ ಅದನ್ನೇ ಕೇಳುತ್ತಿದ್ದರು. “ಎಂತ ಮಾರಾಯ, ಮನೆ ಬಾಗಿಲ ತನಕ ಒಟ್ಟಿಗೆ ಬಂದು, ಒಳಗೆ ಹೋಗುವಾಗ ನನ್ನನ್ನು ಒಬ್ಬನೇ ಬಿಟ್ಟು ಓಡುದಾ?”

“ಅದು ನಿಮ್ಮ ಜಾಗಾ, ಧನಣ್ಣ,” ಎಂದರು ಇವರು. “ಹಿರ್ಯಾರು ಮುಗಸಬೇಕು. ನಾ ಹಿಂದ ಇರ್ತೀನಿ.”

ಆಗ ಈರಯ್ಯನವರ ಕಥೆ ಹೇಳಿದರು. ಧನರಾಜ್ ಪೂರ್ತಿ ಕೇಳಿ, “ನಾನು ಗುರು ಅಲ್ಲ, ಫಿಟ್ಟರ್,” ಎಂದರು. ಹೇಳಿ ಪ್ರಯೋಜನ ಆಗಲಿಲ್ಲ. ಸಿ.ಡಿ.ಯ ಹಿಂದುಗಡೆ ಅಚ್ಚಾಯಿತು: ಮೊದಲ ದನಿ ಧನರಾಜ್, ಎರಡನೇ ದನಿ ವಿರುಪಾಕ್ಷ.

ಆಮೇಲೆ ನಮ್ಮ ಮನೆ ಬದಲಿಸುವ ಕಾಲ ಶುರುವಾಯಿತು. ಹ್ಯಾರಿಸ್ ಪಾರ್ಕಿನಿಂದ ಟೂಂಗಾಬಿ, ಅಲ್ಲಿಂದ ಬ್ಲ್ಯಾಕ್‌ಟೌನ್, ಅಲ್ಲಿಂದ ಸ್ಕೋಫೀಲ್ಡ್ಸ್‌ನಲ್ಲಿ ಕುದುರೆ ಕಟ್ಟುವ ಬಯಲಿನ ಪಕ್ಕದ ಹಳೇ ಮನೆ. ಪ್ರತಿ ಸಲ ಒಂದೇ ಮಾತು. ‘ಇಲ್ಲೆ ಗಾಳೀನ ಬರೂದಿಲ್ಲ ಶ್ರೀದೇವಿ’ ಎನ್ನುವರು. ‘ಗಾಳಿ ಬರ್ತೈತ್ರಿ, ನೀವು ನಿಲ್ಲೂದಿಲ್ಲ’ ಎನ್ನುವೆ ನಾನು. ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸುವುದನ್ನೇ ಬಿಟ್ಟೆ. ಯಾವ ಮನೆಯಲ್ಲಿ ಯಾವ ಕಪಾಟು ಎಂದು ಕೈಗೆ ನೆನಪಾಗುವ ಹೊತ್ತಿಗೆ ಟ್ರಕ್ಕು ಬಾಗಿಲಿಗೆ ಬಂದಿರುತ್ತಿತ್ತು. ಹೋದ ಕಡೆಯಲ್ಲೆಲ್ಲ ಇವರು ಏನನ್ನೋ ಬಿಟ್ಟುಬಂದವರ ಹಾಗೆ ತಿರುಗಿ ತಿರುಗಿ ನೋಡುವರು. ಬಿಟ್ಟದ್ದು ಏನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸಿಟ್ಟು ಬರುತ್ತಿತ್ತು.

ಅಷ್ಟರಲ್ಲಿ ಧನರಾಜರಿಗೆ ಮೆಲ್ಬರ್ನಿನ ಟ್ರ್ಯಾಮ್ ಡಿಪೋದಲ್ಲಿ ಕೆಲಸ ಸಿಕ್ಕಿತು. ಅವರ ಹೆಂಡತಿ ಪ್ರೇಮಾವತಿಗೆ ಡಾಕ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಿನಲ್ಲಿ ಕೆಲಸವಾಗಿತ್ತು. ಹೋಗಲೇಬೇಕಾಯಿತು. ಜೋಡಿ ಮುರಿಯಿತು ಎಂದು ನಾನು ಒಳಗೊಳಗೇ ಒಂದಿಷ್ಟು ಸಮಾಧಾನಪಟ್ಟದ್ದು ನಿಜ. ಅದು ಹೆಚ್ಚು ದಿನ ಉಳಿಯಲಿಲ್ಲ. ಇಬ್ಬರೂ ಎರಡು ಕಡೆಯಿಂದ ಕಾರು ಹತ್ತಿ, ಹ್ಯೂಮ್ ಹೈವೇಯ ನಡುವೆ ಟಾರ್ಕಟಾ ಎಂಬ ಊರಿನಲ್ಲಿ ಭೇಟಿಯಾಗತೊಡಗಿದರು. ಸಿಡ್ನಿಯ ಲಾರಿಯವರು ಮೆಲ್ಬರ್ನಿನ ಲಾರಿಯವರಿಗೆ ಸರಕು ಒಪ್ಪಿಸಿ ಹಿಂದಿರುಗುವ ಊರು ಅದು. ಅಲ್ಲಿಯ ಒಂದು ಮೋಟೆಲಿನಲ್ಲಿ ಹಾಸಿಗೆಗಳನ್ನು ಗೋಡೆಗೆ ನಿಲ್ಲಿಸಿ ಎರಡನೇ ಸಿ.ಡಿ. ಮಾಡಿದರು. ಕಿವಿಯಿಟ್ಟು ಕೇಳಿದರೆ ಹಾಡುಗಳ ಹಿಂದೆ ಲಾರಿಗಳು ಗೇರ್ ಬದಲಿಸುವುದು ಕೇಳುತ್ತದೆ. ನಾವು ಮನೆ ಬದಲಿಸಿದ್ದರ ಮೇಲೂ ಒಂದು ಹಾಡಿದೆ, ‘ಆ್ಯನದರ್ ಸಬರ್ಬ್’ ಎಂದು. ನನ್ನ ಗೋಳಿನ ಮೇಲೆ ಹಾಡು ಕಟ್ಟಿ ನನಗೇ ಮೊದಲ ಪ್ರತಿ ಕಳಿಸಿದರು ಧನರಾಜ್. ಪತ್ರಿಕೆಯವರು ಹೊಗಳಿದ್ದು ಈ ಸಿ.ಡಿ.ಯನ್ನೇ. ಹೊಗಳಿಕೆ ಬಂದ ದಿನ ಇವರು ಊಟ ಮಾಡಲಿಲ್ಲ. ತಪ್ಪನ್ನು ಯಾರಾದರೂ ಚಂದವೆಂದರೆ ಅದನ್ನು ತಿದ್ದುವ ದಾರಿಯೇ ಮುಚ್ಚಿಹೋಗುತ್ತದೆ.

೨೦೦೭ರಲ್ಲಿ ಧನರಾಜರ ದನಿ ಒಡೆಯತೊಡಗಿತು. ಶೀತವೆಂದರು, ಡಿಪೋದ ಧೂಳೆಂದರು. ಕಷಾಯ ಮಾಡಿ ಮಾಡಿ ಪ್ರೇಮಾವತಿಗೆ ಸಾಕಾಯಿತು. ಕೊನೆಗೆ ಡಾಕ್ಟರು ನೋಡಿ, ಗಂಟಲಲ್ಲಿ ಕ್ಯಾನ್ಸರ್ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಪ್ರೇಮಾವತಿ ಫೋನು ಮಾಡಿ ಅಳುತ್ತ ಹೇಳಿದಳು. ಅವಳ ಹಿಂದಿನಿಂದ ಧನರಾಜರ ಒಡಕು ದನಿ ಕೇಳಿಸಿತು, “ಅವನಿಗೆ ಹೇಳು, ಆಪರೇಷನ್‌ಗೆ ಮೊದಲು ಮೂರನೇದು ಮುಗಿಸ್ಲಿಕ್ಕುಂಟು. ಸ್ಟುಡಿಯೋ ಬುಕ್ ಮಾಡಿದ್ದೇನೆ.”

ಫುಟ್‌ಸ್ಕ್ರೇಯ ಒಂದು ಸಣ್ಣ ಸ್ಟುಡಿಯೋ ಅದು. ರೆಕಾರ್ಡು ಮಾಡುವವನು ಗ್ಲೆನ್ ಎಂಬ ಹುಡುಗ. ಇವರು ರಜೆ ಹಾಕಿ ಹೋಗಿ, ಧನರಾಜರ ಮನೆಯಲ್ಲೇ ಉಳಿದರು. ಧನರಾಜ್ ಬಿಸಿನೀರು ಕುಡಿದು ಕುಡಿದು ಒಂದೊಂದೇ ಹಾಡು ಹಾಡಿದರು. ಒಂದನ್ನು ಬಿಟ್ಟು ಎಲ್ಲ ಆಯಿತು. ಕೊನೆಯ ಹಾಡಿನ ಹೆಸರು ‘ಟೂ ಚೇರ್ಸ್ ಇನ್ ದ ಶೆಡ್’. ಬಹಳ ದಿನ ದೂರವಿದ್ದ ಒಬ್ಬ ತನ್ನ ಗೆಳೆಯನಿಗೆ ಹೇಳುವ ಹಾಡು. ಶೆಡ್ಡಿನಲ್ಲಿ ಎರಡು ಕುರ್ಚಿಗಳಿವೆ, ನನ್ನದರ ಧೂಳು ಒರೆಸಿಡು, ನಾನು ದಾರಿಯಲ್ಲಿದ್ದೇನೆ ಎಂಬುದು ಅದರ ಕೊನೆಯ ಸಾಲಿನ ಅರ್ಥ. ಕೊನೆಯ ಚರಣಕ್ಕೆ ಬರುವಾಗ ಧನರಾಜರ ದನಿ ನಿಂತುಹೋಯಿತು. ಮರುದಿನವೂ ಬರಲಿಲ್ಲ. ಅದರ ಮರುದಿನ ಪಿಸುಮಾತೂ ಇಲ್ಲ.

ಆಸ್ಪತ್ರೆಗೆ ಸೇರುವ ಮುನ್ನಾದಿನ ಧನರಾಜ್ ಇವರ ಎದೆಗೆ ಬೆರಳಿಟ್ಟು, ಆಮೇಲೆ ಮೈಕಿನ ಕಡೆ ತೋರಿಸಿದರು. ನೀನು ಮುಗಿಸು ಎಂದು ಅದರ ಅರ್ಥ. ಇವರು ಆಗುವುದಿಲ್ಲವೆಂದು ತಲೆಯಾಡಿಸಿದರು. ಬಾಲ ಸುಟ್ಟ ಬೆಕ್ಕಿನಂತೆ ಸ್ಟುಡಿಯೋದ ಅಂಗಳದಲ್ಲಿ ತಿರುಗಾಡಿ, ಯಾರಿಗೂ ಹೇಳದೆ ಕಾರು ಹತ್ತಿ ಸಿಡ್ನಿಗೆ ಬಂದುಬಿಟ್ಟರು.

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಕುತ್ತಿಗೆಯಲ್ಲಿ ಒಂದು ತೂತು ಮಾಡಿದ್ದರು, ಇನ್ನು ಉಸಿರಾಡುವುದು ಅದರಿಂದಲೇ. ಇಲ್ಲಿ ಸಿಡ್ನಿಯಲ್ಲಿ ಇವರು ಒಂದು ಕಡೆ ನಿಲ್ಲಲಿಲ್ಲ. ಸೋರದ ನಲ್ಲಿ ಬಿಚ್ಚಿ ಸೋರುವಂತೆ ಮಾಡಿದರು. ಬೇಲಿಗೆ ಬಣ್ಣ ಹಚ್ಚತೊಡಗಿ ಅರ್ಧಕ್ಕೆ ಬಿಟ್ಟರು. ಕ್ಯಾಸಲ್ ಹಿಲ್ ಕಡೆ ಮನೆ ನೋಡೋಣ ಎಂದರು. ಮೆಲ್ಬರ್ನಿಗೆ ಹೋಗೋಣ ಎಂದರೆ ಮಾತ್ರ ಏನಾದರೊಂದು ಕೆಲಸ ನೆನಪಾಗುವುದು. ಪ್ರೇಮಾವತಿಯ ಫೋನು ಬಂದರೆ ಹಿತ್ತಲಿಗೆ ಹೋಗಿಬಿಡುವರು. ಪಕ್ಕದ ಬಯಲಿನ ಕುದುರೆಗಳೂ ಇವರನ್ನು ಕಂಡರೆ ಬೇಲಿ ಬಿಟ್ಟು ದೂರ ಹೋಗುತ್ತಿದ್ದವು. ಒಂದು ಬಯಲಿನಲ್ಲಿ ಅಷ್ಟು ಚಡಪಡಿಕೆಗೆ ಜಾಗವಿರಲಿಲ್ಲ.

ಒಂದು ಭಾನುವಾರ ಇವರ ಮೊಬೈಲಿಗೆ ಧನರಾಜರ ಮೆಸೇಜು ಬಂತು. ಇವರು ಓದಿ ಫೋನನ್ನು ಮೇಜಿನ ಮೇಲೆ ಮಗುಚಿಟ್ಟು ಹೊರಗೆ ಹೋದರು. ನಾನು ಎತ್ತಿ ಓದಿದೆ. ‘ನಾನು ಸತ್ತಿಲ್ಲ ಮಾರಾಯ. ಆ ಹಾಡು ಯಾಕೆ ಸಾಯಬೇಕು?’

ನಾನು ಹಿತ್ತಲಿಗೆ ಹೋಗಿ ಇವರ ಕೈಯಲ್ಲಿದ್ದ ಬಣ್ಣದ ಬ್ರಶ್ಶು ಕಸಿದುಕೊಂಡೆ. ಅಷ್ಟು ವರ್ಷದ ಸಿಟ್ಟು ಒಟ್ಟಿಗೆ ಬಂತು.

“ಧನಣ್ಣನ ದನಿ ಡಾಕ್ಟರು ತಗದ್ರು. ನಿಮ್ಮ ದನಿ ಯಾರು ತಗದಾರ್ರಿ?”

ಇವರು ಬೇಲಿ ನೋಡುತ್ತ ನಿಂತರು. “ನಿಂಗ ತಿಳೀದಿಲ್ಲ, ಶ್ರೀದೇವಿ.”

“ತಿಳಿಯೂಹಂಗ ಹೇಳ್ರಿ.”

“ಹಿರ್ಯಾರು ಎದುರಿಗೆ ಕುಂತಾರ. ಬಾಯಿ ತಗದ್ರ ದನಿ ಇಲ್ಲ. ಅವರ ಜಾಗಾದಾಗ ನಿಂತು ನಾ ಹೆಂಗ ಮುಗಸ್ಲಿ? ನಾ ಮುಗಿಸಿದ್ರ, ಧನಣ್ಣಂದು ಮುಗೀತು ಅಂತ ನಾನ ಹೇಳಿದಂಗಾತು.”

ಅಳುತ್ತಿದ್ದರು. ಮದುವೆಯಾದ ಮೇಲೆ ನಾನು ಇವರು ಅತ್ತದ್ದನ್ನು ಕಂಡದ್ದು ಅದೇ ಮೊದಲು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಆದರೂ ನಾನು ಬ್ರಶ್ಶು ವಾಪಸು ಕೊಡಲಿಲ್ಲ.

“ಮುಗೀತೋ ಇಲ್ಲೋ, ಅವರ ಹೇಳ್ಲಿ,” ಎಂದೆ. “ನಾಳೆ ಮುಂಜಾನೆ ಹೊರಡೂಣು. ಗಾಡಿ ನಾ ಹೊಡೀತೀನಿ. ನೀವು ಸ್ಟೀರಿಂಗಿಗೆ ಕುಂತ್ರ ದಾರಿ ನಡುವ ತಿರಗಿಸಿಬಿಡ್ತೀರಿ.”

ಮೆಲ್ಬರ್ನಿನವರೆಗೂ ನಾನೇ ಓಡಿಸಿದೆ. ಇವರು ಪಕ್ಕದಲ್ಲಿ ಕೂತು ಕಿಟಕಿ ಇಳಿಸುವುದು, ಏರಿಸುವುದು. ಟಾರ್ಕಟಾದಲ್ಲಿ ಚಹಾಕ್ಕೆ ನಿಲ್ಲಿಸಿದಾಗ, ಆ ಮೋಟೆಲಿನ ಬಾಗಿಲ ತನಕ ಹೋಗಿ ನೋಡಿ ಬಂದರು. ಅಲ್ಲಿಂದ ಹಿಂದಕ್ಕೂ ಅಷ್ಟೇ ದೂರ, ಮುಂದಕ್ಕೂ ಅಷ್ಟೇ ದೂರ. ಕಾರಿನ ಬೀಗದಕೈ ನಾನು ಸೆರಗಿನಲ್ಲಲ್ಲದಿದ್ದರೂ ಜೀನ್ಸಿನ ಜೇಬಿನಲ್ಲಿ ಗಟ್ಟಿಯಾಗಿ ಇಟ್ಟುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಸ್ಟುಡಿಯೋದಲ್ಲಿ ನಾಲ್ವರೂ ಸೇರಿದೆವು. ಧನರಾಜ್ ಸೊರಗಿಹೋಗಿದ್ದರು. ಕುತ್ತಿಗೆಗೆ ತೆಳ್ಳನೆಯ ಬಟ್ಟೆ ಸುತ್ತಿಕೊಂಡಿದ್ದರು. ಇವರನ್ನು ಕಂಡು ಹೊಟ್ಟೆಗೊಂದು ಗುದ್ದು ಕೊಟ್ಟರು. ಹೇಳದೆ ಓಡಿಹೋದದ್ದಕ್ಕೆ ಅಷ್ಟೇ ಶಿಕ್ಷೆ.

ಇವರು ಗಾಜಿನ ಕೋಣೆಯೊಳಗೆ ಮೈಕಿನ ಮುಂದೆ ನಿಂತರು. ನಾವು ಗಾಜಿನ ಈಚೆ, ಗ್ಲೆನ್ ಪಕ್ಕದ ಸೋಫಾದಲ್ಲಿ. ಹಾಡು ಶುರುವಾಯಿತು. ಧನರಾಜರ ಹಳೆಯ ದನಿ ಸ್ಪೀಕರಿನಿಂದ ಬಂದಾಗ ಪ್ರೇಮಾವತಿ ನನ್ನ ಕೈ ಹಿಡಿದುಕೊಂಡಳು. ಕೊನೆಯ ಚರಣಕ್ಕೆ ಆ ದನಿ ನಿಂತಿತು, ಇವರದು ಎದ್ದಿತು. ಚೆನ್ನಾಗಿಯೇ ಎದ್ದಿತು. ಕೊನೆಯ ಸಾಲು ಬಂತು. ದನಿ ತಗ್ಗಿತು, ಹಿಂದೆ ಬಿತ್ತು, ಇಲ್ಲವಾಯಿತು.

ಗ್ಲೆನ್ ಮತ್ತೊಮ್ಮೆ ಎಂದ. ಅದೇ ಕಥೆ. ಮತ್ತೂ ಒಮ್ಮೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎನ್ನುವ ಹಾಗಾಯಿತು. ಇವರು ಪ್ರತಿ ಸಲ ಕೊನೆಯ ಸಾಲಿಗೆ ಗಾಜಿನಾಚೆಯಿಂದ ಧನರಾಜರ ಮುಖ ನೋಡುವರು, ನೋಡಿದ ಕೂಡಲೇ ದನಿ ಹಿಂದೆ ಸರಿಯುವುದು. ಇನ್ನೊಂದು ಸಲ ಹೀಗಾದರೆ ಇವರು ಎಂದೆಂದಿಗೂ ಹಾಡುವುದಿಲ್ಲ ಎಂದು ನನಗೆ ಅನ್ನಿಸಿತು. ಹೆದರಿಕೆಯಾಯಿತು.

ಧನರಾಜ್ ತೊಡೆ ತಟ್ಟಿ ಎದ್ದರು. ತಮ್ಮ ಗಿಟಾರು ತೆಗೆದುಕೊಂಡರು, ಬಾಗಿಲು ತೆರೆದು ಒಳಗೆ ಹೋದರು. ಒಂದು ಕುರ್ಚಿಯನ್ನು ಎಳೆದು ಇವರ ಬೆನ್ನ ಹಿಂದೆ, ಒಂದಿಷ್ಟು ಎಡಕ್ಕೆ ಹಾಕಿಕೊಂಡು ಕೂತರು. ತಂಬೂರಿ ಹಿಡಿದ ಶಿಷ್ಯ ಕೂರುವ ಜಾಗ ಅದು. ಎಂದೋ ಹೇಳಿದ ಕಥೆಯನ್ನು ಆ ಮನುಷ್ಯ ಜಾಗದ ಸಮೇತ ನೆನಪಿಟ್ಟಿದ್ದರು. ಗಿಟಾರನ್ನು ನೆಟ್ಟಗೆ ನಿಲ್ಲಿಸಿ, ದಪ್ಪನೆಯ ತಂತಿಯೊಂದನ್ನೇ ಒಂದೇ ಸಮನೆ ಮೀಟತೊಡಗಿದರು.

ಇವರು ತಿರುಗಿ, ಬಗ್ಗಿ ನೋಡಿದರು. “ಏನ್ ಮಾಡಾಕತ್ತೀರಿ ಧನಣ್ಣ? ನೀವು ಹಿಂದ ಕೂಡಬಾರ್ದು. ಮುಂದ ಬರ್ರಿ.”

ಧನರಾಜ್ ಮೀಟುವುದನ್ನು ನಿಲ್ಲಿಸಲಿಲ್ಲ. ಇನ್ನೊಂದು ಕೈ ಚಾಚಿ, ಎಣ್ಣೆ ಹಚ್ಚುವಾಗ ಮಗುವಿನ ಮುಖ ತಿರುಗಿಸುವಂತೆ, ಇವರ ಮುಖವನ್ನು ಮೈಕಿನ ಕಡೆಗೆ ತಿರುಗಿಸಿದರು.

ಈಗ ಇವರ ಎದುರಿಗೆ ಹಿರಿಯರು ಯಾರೂ ಇರಲಿಲ್ಲ. ಗಾಜಿನಾಚೆ ನಾನಿದ್ದೆ. ಇವರು ಕಣ್ಣು ಮುಚ್ಚಿ ಆ ಚರಣ ಹಾಡಿದರು. ಕೊನೆಯ ಸಾಲಿಗೆ ದನಿ ತಗ್ಗಲಿಲ್ಲ. ಹುಬ್ಬಳ್ಳಿಯ ಆ ಕಛೇರಿಯಲ್ಲಿ ಇಳಿದ ಹುಡುಗನ ಹಾಗೆಯೇ, ಬಯಲಿಗೆ ಬಿಟ್ಟ ದನಿಯಲ್ಲಿ, ತಾಳದ ಪೆಟ್ಟಿನ ಮೇಲೆ ಸರಿಯಾಗಿ ಇಳಿದರು. ಇವರು ಇಳಿದ ಮೇಲೆ, ಅರ್ಧ ತಾಳ ತಡವಾಗಿ, ಹಿಂದಿನಿಂದ ಇನ್ನೊಂದು ಸದ್ದು ಬಂತು. ಧನರಾಜ್ ಬಾಯಾಡಿಸುತ್ತ ಆ ಸಾಲನ್ನು ಇವರ ಹಿಂದೆ ಹಿಂದೆಯೇ ಹೇಳಿದ್ದರು. ದನಿ ಇರಲಿಲ್ಲ. ಕುತ್ತಿಗೆಯ ತೂತಿನಿಂದ ಉಸಿರು ಮಾತ್ರ ಹೊರಟಿತ್ತು, ಒಂದೊಂದು ಪದಕ್ಕೂ ಒಂದೊಂದು ಉಸಿರು.

ಗ್ಲೆನ್ ಗುಂಡಿ ಒತ್ತಿ, ಹಾಡು ಅದ್ಭುತವಾಗಿದೆ, ಆದರೆ ಕೊನೆಗೆ ಗಾಳಿಯ ಸದ್ದು ಸೇರಿಕೊಂಡಿದೆ, ಅದೊಂದನ್ನು ಮತ್ತೆ ತೆಗೆದುಕೊಳ್ಳೋಣ ಎಂದ.

ಇವರು ಮೈಕಿಗೆ ಬಾಯಿ ಹತ್ತಿರ ತಂದು ಇಂಗ್ಲಿಷಿನಲ್ಲಿ, “ಬೇಡ. ಅದು ಹಾರ್ಮನಿ,” ಎಂದರು.

ಪ್ರೇಮಾವತಿ ಜೋರಾಗಿ ಅತ್ತಳು. ನಾನೂ ಅತ್ತೆ. ಒಳಗೆ ಆ ಇಬ್ಬರೂ ಏನೂ ಆಗದವರ ಹಾಗೆ ಗಿಟಾರಿನ ತಂತಿ ಸಡಿಲವಾಗಿದೆಯೆಂದು ಸನ್ನೆ ಮಾಡಿಕೊಳ್ಳುತ್ತಿದ್ದರು.

ಮೂರನೆಯ ಸಿ.ಡಿ. ೨೦೦೮ರಲ್ಲಿ ಬಂತು. ಪತ್ರಿಕೆಯವರು ಈ ಸಲ ಏನೂ ಬರೆಯಲಿಲ್ಲ. ಹಿಂದುಗಡೆ ಎಲ್ಲ ಹಾಡುಗಳಿಗೂ ಮೊದಲಿನ ಹಾಗೆಯೇ ಹೆಸರುಗಳಿವೆ. ಕೊನೆಯ ಹಾಡಿನ ಕೊನೆಯ ಚರಣಕ್ಕೆ ಮಾತ್ರ ಬೇರೆಯಾಗಿ ಅಚ್ಚಾಗಿದೆ: ಮೊದಲ ದನಿ ವಿರುಪಾಕ್ಷ, ಎರಡನೇ ದನಿ ಧನರಾಜ್. ಹಾಗೇ ಹಾಕಬೇಕೆಂದು ಹಟ ಹಿಡಿದವರು ಧನರಾಜ್.

ಇವರೇನೂ ಬದಲಾಗಲಿಲ್ಲ. ಮೊನ್ನೆ ಮತ್ತೆ ಮನೆ ನೋಡಲು ಹೊರಟೆವು. ಇವರು ಓಡಿಸುತ್ತಿದ್ದರು, ಬೆರಳುಗಳು ಸ್ಟೀರಿಂಗ್ ಮೇಲೆ ತಾಳ ಹಾಕುತ್ತಿದ್ದವು. ನಾನು ಆ ಸಿ.ಡಿ. ಹಾಕಿದೆ. ಒಂದು ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಕೊನೆಯ ಹಾಡಿನ ಕೊನೆಯ ಸಾಲು ಬಂತು, ಇವರದೇ ದನಿ ನೆಟ್ಟಗೆ ಇಳಿಯಿತು. ಆಗ ಬೆರಳುಗಳು ನಿಂತವು. ಸಿಗ್ನಲ್ ಹಸಿರಾಗಿ ಹಿಂದಿನವನು ಹಾರ್ನ್ ಹೊಡೆದರೂ ಇವರು ಕಾರು ಎತ್ತಲಿಲ್ಲ. ಧನಣ್ಣನ ಉಸಿರಿಗೆ ಕಾಯುತ್ತಿದ್ದರು.